ಹೆಂಗಸರ ಬುಧವಾರ

ಸ್ಟೂಲಿನಿಂದ ಮೂರನೇ ಏಟು ಹಾಕಿದಾಗ ಬಚ್ಚಲುಮನೆಯ ಚಿಲಕ ಕಿತ್ತು ಬಂತು. ಒಳಗೆ ಸೊಸೆ ಗೋಡೆಗೆ ಒರಗಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು, ಪಕ್ಕದಲ್ಲಿ ಸಿರಿಂಜು. ಅತ್ತೆ ಎರಡೂ ಕೆನ್ನೆಗೆ ತಟ್ಟಿದರು, ಹೆಸರು ಹಿಡಿದು ಕೂಗಿದರು. ಅವಳು ಮಿಸುಕಲಿಲ್ಲ.

ಹೋದ ತಿಂಗಳು ಸೊಸೆ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಸ್ಪ್ರೇ ಒಂದನ್ನು ತಂದುಕೊಟ್ಟಿದ್ದಳು. "ಅತ್ತೆ, ಅಮಲು ಹೆಚ್ಚಾಗಿ, ನೀವು ಎಬ್ಬಿಸಿದ್ರೂ ನಾನು ಏಳದಿದ್ರೆ ಇದನ್ನ ಮೂಗಿಗೆ ಒತ್ತಿ. ಆಮೇಲೆ ಆಂಬುಲೆನ್ಸ್ ಕರೀರಿ."

"ನನಗ್ಯಾಕೆ ಹೇಳ್ತೀಯ? ನಿನ್ನ ಗಂಡನಿಗೆ ಹೇಳು."

"ಅವರಿಗೆ ಗೊತ್ತಾದ್ರೆ ಮಗೂನ ಇಟ್ಕೊಂಡು ನನ್ನ ಆಚೆ ಹಾಕ್ತಾರೆ. ನಿಮಗೆ ನನ್ನ ಚಟ ಮೊದಲೇ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೀರಿ."

ಅತ್ತೆ ಅವತ್ತು ಅದನ್ನು ಕಿತ್ತುಕೊಂಡು ಬೀರುವಿನ ಬಟ್ಟೆಗಳ ಕೆಳಗೆ ತುರುಕಿದ್ದರು. ಈಗ ಓಡಿಹೋಗಿ ತಂದು ಸೊಸೆಯ ಮೂಗಿಗಿಟ್ಟು ಒತ್ತಿದರು. ಫೋನು ಮಾಡಿದರು. ಅವಳನ್ನು ಮಗ್ಗುಲಿಗೆ ಹೊರಳಿಸಿ ಎದೆಯನ್ನೇ ನೋಡುತ್ತಾ ಕುಳಿತರು. ಸ್ವಲ್ಪ ಹೊತ್ತಿಗೆ ಸೊಸೆ ಗೊರ್ರೆಂದು ಉಸಿರೆಳೆದುಕೊಂಡಳು. ಆಂಬುಲೆನ್ಸು ಬರುವಷ್ಟರಲ್ಲಿ ಕಣ್ಣು ಬಿಟ್ಟಿದ್ದಳು. ಲಾರಿ ಓಡಿಸುವ ಮಗ ಆ ವಾರ ಊರಲ್ಲಿರಲಿಲ್ಲ.

ಮುಂದಿನ ಬುಧವಾರ ಸೊಸೆ ಮಗುವನ್ನೆತ್ತಿಕೊಂಡು ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು. ಜಗಳಕ್ಕೆ ಸೊಂಟ ಕಟ್ಟಿಯೇ ಹೊರಟಿದ್ದರು. ಅಮಲಿನ ಚಟದವರಿಗೆ ಹೊಸ ಸೂಜಿ, ಔಷಧಿ ಕೊಡುವ ಕೇಂದ್ರವಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ. ಬುಧವಾರ ಮಧ್ಯಾಹ್ನ ಅಲ್ಲಿಗೆ ಗಂಡಸರು ಬರುವಂತಿಲ್ಲ. ಚಾಪೆಯ ಮೇಲೆ ಎರಡು ಮಕ್ಕಳು ಡಬ್ಬಿ ಉರುಳಿಸುತ್ತಿದ್ದವು. ಪರದೆಯ ಹಿಂದೆ ಯಾರದೋ ಕೈಯ ಹುಣ್ಣಿಗೆ ಬ್ಯಾಂಡೇಜು ಕಟ್ಟಿ ಬಂದ ನರ್ಸು ಕೈ ಒರೆಸಿಕೊಳ್ಳುತ್ತಿದ್ದಳು.

"ಇವಳಿಗೆ ಸೂಜಿ ಕೊಡೋರು ನೀವೇನಾ?"

"ಹೌದಮ್ಮ. ಒಬ್ಬರು ಚುಚ್ಚಿದ್ದನ್ನ ಇನ್ನೊಬ್ಬರು ಚುಚ್ಕೊಂಡು ಕಾಯಿಲೆ ತರಬಾರದು ಅಂತ. ಮೂಗಿನ ಔಷಧೀನೂ ನಾವೇ ಕೊಟ್ಟಿದ್ದು."

ಅತ್ತೆ ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಬಿಡಿಸೋಕಾಗಲ್ವಾ?" ಎಂದರು ಮೆಲ್ಲಗೆ.

"ನಿಮ್ಮ ಸೊಸೇನೇ ಹೋದ ವಾರ ಫೋನ್ ಮಾಡಿ, ಎಲ್ಲ ಹೇಳಿ ಕೇಳಿದ್ದಾರೆ. ಇವತ್ತಿಂದ ಸೂಜಿ ಬದಲು ಬಾಯಿಗೆ ಹಾಕೋ ಔಷಧಿ ಶುರು, ದಿನಾ ಬರಬೇಕು. ಬೇರೆ ದಿನ ಗಂಡಸರ ಸಾಲಲ್ಲಿ ನಿಲ್ಲೋದು ಬೇಡ, ಹಿಂದಿನ ಬಾಗಿಲಲ್ಲಿ ಬರಲಿ." ನರ್ಸು ಅತ್ತೆಯ ಮುಖವನ್ನೇ ನೋಡಿದಳು. "ಆವತ್ತು ಸ್ಪ್ರೇ ಒತ್ತಿದ್ದು ನೀವಾ? ಆಮೇಲೆ ನಿದ್ದೆ ಮಾಡಿದ್ದೀರಾ?"

ಅತ್ತೆ ಆರು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸೊಸೆಯನ್ನು ಕಾದಿದ್ದರು. ಅವರ ನಿದ್ದೆಯ ಬಗ್ಗೆ ಯಾರೂ ಕೇಳಿರಲಿಲ್ಲ. "ನೀವಿಲ್ಲದಿದ್ರೆ ನನ್ನ ಮೊಮ್ಮಗಳು ತಬ್ಬಲಿ ಆಗ್ತಿದ್ದಳು ಕಣಮ್ಮ," ಎಂದವರೇ ನರ್ಸಿನ ಕೈ ಹಿಡಿದುಕೊಂಡು ಅತ್ತರು. ನರ್ಸು ಅವರನ್ನು ಒಳಕೋಣೆಗೆ ಕರೆದೊಯ್ದು ಹಾಸಿಗೆ ಬಿಡಿಸಿದಳು. ತಲೆ ದಿಂಬಿಗೆ ತಾಗಿದ್ದೇ ತಡ, ಗೊರಕೆ ಕೇಳಿಸಿತು.

ಐದು ಗಂಟೆಗೆ ಕೇಂದ್ರ ಮುಚ್ಚುವ ಹೊತ್ತು. ನರ್ಸು ಎಬ್ಬಿಸಲು ಹೋದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲ ಬಳಿ ಕುಳಿತಿದ್ದ ಸೊಸೆ ಅವಳ ಸೆರಗು ಹಿಡಿದು ತಡೆದಳು.

"ಇನ್ನೊಂದು ಹತ್ತು ನಿಮಿಷ ಬಿಡಿ ಅಕ್ಕ. ಮದುವೆಯಾಗಿ ಬಂದಾಗಿಂದ ಇವರು ಹಗಲು ಹೊತ್ತು ಮಲಗಿದ್ದನ್ನ ನಾನು ನೋಡೇ ಇಲ್ಲ."