ಚಂದ್ರಹಾಸ ಟಾಕೀಸಿನ ಕೊನೆಯ ಆಟ

ಮೈಸೂರಿನ ಟಾಕೀಸುಗಳ ಚರಿತ್ರೆ ಹೇಳಲು ನನ್ನಂಥವನು ಭೂಮಂಡಲದಲ್ಲೇ ಇನ್ನೊಬ್ಬನಿಲ್ಲ. "ಈ ಚಂದ್ರಹಾಸಕ್ಕೆ ಜನ ನುಗ್ಗಿದ ರಭಸಕ್ಕೆ ಚಾಮುಂಡಿ ಬೆಟ್ಟವೇ ಎರಡು ಮಾರು ಸರಿದಿತ್ತು! ಕೊನೇ ಆಟಕ್ಕೆ ಸೀಟು ಸಿಗದೆ ನಾನು ಫ್ಯಾನಿಗೆ ಜೋತುಬಿದ್ದು ನೋಡಿದೆ," ಎಂದೆ ಪ್ರವಾಸಿಗರಿಗೆ.

"ಹಂಗಾದ್ರೆ ಆವತ್ತಿಂದು ಕೇಳ್ಲೇಬೇಕು ಸಾರ್," ಎಂದು ಗುಂಪಿನ ಹೆಂಗಸೊಬ್ಬರು ಟಾಕೀಸಿನ ಗೋಡೆಗೆ ಅಂಗೈ ಒತ್ತಿದರು. ಈಗೀಗ ಹಳೆಯ ಗೋಡೆಗಳು ಹಾಗೆ ಒತ್ತಿದರೆ ಸಾಕು, ತಾವು ಕೇಳಿಸಿಕೊಂಡದ್ದನ್ನೆಲ್ಲ ಹೇಳಿಬಿಡುತ್ತವೆ. ನಾನು ತಡೆಯುವಷ್ಟರಲ್ಲಿ ಗೇಟ್‌ಕೀಪರ್ ಮರಿಮಾದಯ್ಯನ ದನಿ ಬಂತು.

"ಬಾರಪ್ಪ ಬಸವಣ್ಣಿ, ಇದೇ ಕೊನೇ ಆಟ. ಒಳಗೆ ಒಂದು ನರಪಿಳ್ಳೆ ಇಲ್ಲ. ಟಿಕೆಟ್ ಬ್ಯಾಡ, ಸುಮ್ನೆ ಬಂದು ಕೂತ್ಕೋ."

ಉತ್ತರಿಸಿದ್ದು ನನ್ನದೇ ದನಿ. "ಥೂ, ಆ ತಿಗಣೆ ಕುರ್ಚಿ ಮೇಲೆ ಯಾರು ಕೂರ್ತಾರೆ! ಮನೇಲಿ ಟೀವಿ ಐತೆ, ಹೋಗಯ್ಯ."

ಎಲ್ಲರೂ ಗೊಳ್ಳೆಂದರು. ಆ ಹೆಂಗಸು ಮಾತ್ರ ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಗೋಡೆಯೊಳಗೆ ಗಂಟೆ ಹೊಡೆಯಿತು, ಸಿನಿಮಾ ಶುರುವಾಯಿತು. ಹೀರೋ ಬಂದಾಗ ಆ ಖಾಲಿ ಟಾಕೀಸಿನಲ್ಲಿ ಒಂದೇ ಒಂದು ಶಿಳ್ಳೆ ಕೇಳಿಸಿತು.

"ಗೇಟ್ ಕಾಯ್ತಿದ್ದ ನಮ್ಮಪ್ಪ," ಎಂದರು ಅವರು. "ಯಾರೂ ಶಿಳ್ಳೆ ಹೊಡೀದಿದ್ರೆ ಹೀರೋಗೆ ಬೇಜಾರಾಯ್ತದೆ ಅಂತಿದ್ರು."

"ಮುಂದೆ ಹೇಳಿ ಸಾರ್," ಎಂದರು ಯಾರೋ. ನಾನು ನನ್ನ ಚಪ್ಪಲಿಗಳನ್ನೇ ನೋಡುತ್ತ ನಿಂತೆ.