ಒಂಬತ್ತನೇ ರ‍್ಯಾಂಕಿನ ಹೆರಿಗೆ

ವಿಶ್ವವಿದ್ಯಾಲಯಗಳ ಜಾಗತಿಕ ರ‍್ಯಾಂಕ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ತಾವು ಓದಿದ ವಿಶ್ವವಿದ್ಯಾಲಯ ಐನೂರರಿಂದ ಕೆಳಗಿಳಿದರೆ ವೈದ್ಯರು ಅಂದು ರೋಗಿಯನ್ನು ಮುಟ್ಟುವಂತಿರಲಿಲ್ಲ. ಈ ನಿಯಮ ಬಂದ ಮೇಲೆ ನಕಲಿ ಪದವಿಯವರೆಲ್ಲ ಊರು ಬಿಟ್ಟಿದ್ದರು, ನಿಜ.

ಅಂದು ಸಿಂಧನೂರಿನಲ್ಲಿ ಹುಲಿಗೆಮ್ಮ ಹೆರಿಗೆ ನೋವು ತಿನ್ನುತ್ತಿರುವಾಗಲೇ ಹೆರಿಗೆ ಮಾಡಿಸಬೇಕಿದ್ದ ಡಾಕ್ಟರ್ ಅಂಬಮ್ಮನವರ ವಿಶ್ವವಿದ್ಯಾಲಯ ಐನೂರ ಹನ್ನೆರಡಕ್ಕೆ ಇಳಿಯಿತು. ಅಲ್ಲಿ ವಿದೇಶಿ ಪ್ರಾಧ್ಯಾಪಕರು ಕಡಿಮೆಯಂತೆ. ನರ್ಸ್ ಓಡಿಹೋಗಿ ಒಂಬತ್ತನೇ ರ‍್ಯಾಂಕಿನ ವಿಶ್ವವಿದ್ಯಾಲಯದಲ್ಲಿ ಓದಿದ್ದ ಕಣ್ಣಿನ ಡಾಕ್ಟರ್ ಅನಿಕೇತನನ್ನು ಕರೆತಂದಳು.

"ಮೇಡಂ, ನಾನು ಒಂದು ಹೆರಿಗೇನೂ ಮಾಡ್ಸಿಲ್ಲ," ಎಂದು ಅವನು ಬೆವರೊರೆಸಿಕೊಂಡ.

"ಸಹಿ ನಿಮ್ದಿರ್ಲಿ, ಕೈ ನಂದಿರ್ಲಿ. ಮೊದ್ಲು ಬಾಗ್ಲಾ ಹಾಕ್ರಿ," ಎಂದರು ಅಂಬಮ್ಮ.

ಮಗು ಜೋರಾಗಿ ಅತ್ತಿತು. ಹೊರಗೆ ಕಾದಿದ್ದ ಹುಲಿಗೆಮ್ಮನ ಅತ್ತೆ ಅನಿಕೇತನಿಗೆ ಕೈಮುಗಿದು, ಅಂಬಮ್ಮನವರಿಗೂ ಒಂದು ಪೇಡೆ ಕೊಟ್ಟಳು.

"ತಿನ್ರಿ ಡಾಕ್ಟರ್ ಬಾಯರ. ನಾಳೆ ನಿಮಗೂ ಇವ್ರಂಗ ಕೈಗುಣ ಬರ್ಲಿ."