ಪತಂಗಗಳ ಏರಿಳಿತ

ಸಾಗುವಾನಿ ಎಲೆ ತಿನ್ನುವ ಹುಳದ ಪತಂಗಗಳನ್ನು ಆ ಕಾಡಿನ ವಾಚರ್ ಇಪ್ಪತ್ತೆರಡು ವರ್ಷಗಳಿಂದ ಎಣಿಸುತ್ತಿದ್ದ. ದೀಪದ ಬಲೆಗೆ ಬಿದ್ದ ಆ ಸಣ್ಣ ಬೂದು ಪತಂಗಗಳನ್ನು ಬೆಳಿಗ್ಗೆ ತಟ್ಟೆಗೆ ಸುರಿದು, ಒಂದೊಂದಾಗಿ ಎಣಿಸಿ ಬರೆದಿಡುವುದು ಅವನ ಕೆಲಸ.

ವಿಜ್ಞಾನಿ ಮೇಡಂ ಅವನ ಮುಂದೆ ಗ್ರಾಫ್ ಹರಡಿದರು.

"ಹತ್ತು ವರ್ಷ ಇಳೀತಾನೇ ಬಂತು. ಬಿಸಿಲು ಜಾಸ್ತಿ ಆಗಿದ್ದೇ ಕಾರಣ ಅಂತ ಪುಸ್ತಕಾನೇ ಬರೆದೆ. ಈ ಮಳೆಗಾಲ ನೋಡಿದ್ರೆ ಒಂದೇ ಸಲ ನಾಲ್ಕು ಪಟ್ಟು."

"ಹೌದ್ರೀ ಮೇಡಮ್ಮೋರ. ಎಣಿಸಿ ಎಣಿಸಿ ಸಾಕಾಗೇತಿ."

"ಈ ವರ್ಷ ಏನು ಬದಲಾಗಿದೆ? ಮಳೆನಾ, ಗಾಳಿನಾ? ನೆನಪು ಮಾಡ್ಕೊಂಡು ಹೇಳಿ. ಪುಸ್ತಕ ನಾಳೆ ಅಚ್ಚಿಗೆ ಹೋಗ್ಬೇಕು."

ಅವನು ಕಾಡಿನತ್ತ ಒಮ್ಮೆ ನೋಡಿದ.

"ಅಡವ್ಯಾಗ ಏನೂ ಬದಲಾಗಿಲ್ರೀ. ನಾನೇ ಯುಗಾದಿ ಮುಂದ ಎರಡೂ ಕಣ್ಣಿನ ಪೊರಿ ತಗಸೇನಿ."